ಕುರಿ ಎಷ್ಟು ಎಂದು ಕೇಳಬಾರದ ಓಣಿಯಲ್ಲಿ

ನನ್ನ ಚಿಗವ್ವನಿಗೆ, ಅಂದರೆ ಅವ್ವನ ತಂಗಿಗೆ, ಫೋನು ಕೊಟ್ಟವಳು ನಾನೇ. ಹೊಸದೇನಲ್ಲ. ರಾಯಚೂರಿನ ಬಾಡಿಗೆ ಕೋಣೆಯಲ್ಲಿ ನನ್ನ ಎಂ.ಎ. ಪ್ರಬಂಧದ ಅರ್ಧ ಭಾಗವನ್ನು ಹೆಬ್ಬೆರಳಿನಿಂದ ಬರೆಸಿಕೊಂಡು, ಒಂದು ಮೂಲೆಯಲ್ಲಿ ಗಾಜು ಸೀಳಿಸಿಕೊಂಡಿದ್ದ ಹಳೆಯ ಫೋನು. ಕೊಡುವಾಗ ಚಿಕ್ಕದೊಂದು ಭಾಷಣವನ್ನೂ ಮಾಡಿದ್ದೆ. ಜ್ಞಾನ ಯಾರಪ್ಪನ ಆಸ್ತಿಯೂ ಅಲ್ಲ, ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಪಾಲಿದೆ, ಕಲಿಯುವುದಕ್ಕೆ ವಯಸ್ಸಿನ ಅಡ್ಡಿಯಿಲ್ಲ, ಇನ್ನು ಮುಂದೆ ನೀನು ಯಾರ ಬಾಗಿಲನ್ನೂ ಕಾಯಬೇಕಾಗಿಲ್ಲ. ಚಿಗವ್ವ ಕೊನೆಯವರೆಗೂ ಗಂಭೀರವಾಗಿ ಕೇಳಿಸಿಕೊಂಡಳು.

"ಭಾಳ ಚೊಲೊ ಮಾತಾಡಿದಿ. ಈಗ ಇದರಾಗ ಬ್ಯಾಟರಿ ಎಲ್ಲಿ ಹಚ್ಚತಾರ, ಅದನ್ನ ಹೇಳು" ಎಂದಳು.

ಹಾಗಾಗಿ ಮೊದಲ ಒಂದು ತಿಂಗಳು ಮಾನವಕುಲದ ಸಮಸ್ತ ಜ್ಞಾನಭಂಡಾರವು ಕುರಿ ಹಟ್ಟಿಯ ಮೂಲೆಯಲ್ಲಿ ಮರಿ ಹುಡುಕುವ ದೀಪವಾಗಿ ಕೆಲಸ ಮಾಡಿತು. ನನಗೆ ಸ್ವಲ್ಪ ಅವಮಾನವಾಗಿತ್ತು.

ನಮ್ಮದು ದೇವದುರ್ಗ ತಾಲ್ಲೂಕಿನ ಒಂದು ಊರು. ಊರಿನ ತುದಿಯಲ್ಲಿ ಕುರಿ ಸಾಕುವವರ ಓಣಿ, ಓಣಿಯಲ್ಲಿ ಇಪ್ಪತ್ತೆರಡು ಮನೆ. ಚಿಗವ್ವನನ್ನು ಕೊಟ್ಟದ್ದು ಅದೇ ಓಣಿಗೆ, ನಮ್ಮ ಮನೆಯಿಂದ ಮೂರನೆಯ ಬಾಗಿಲಿಗೆ. ಆಗ ಅವಳಿಗೆ ನಲವತ್ತು ದಾಟಿತ್ತು. ಏಳನೆಯ ತರಗತಿಯವರೆಗೆ ಓದಿದ್ದಳು. ಎಂಟನೆಯದು ಪಕ್ಕದ ಊರಿನಲ್ಲಿತ್ತು. ಆ ಊರು ಗಂಡುಮಕ್ಕಳಿಗೆ ಮಾತ್ರ ಹತ್ತಿರವಿತ್ತು.

ಅವಳು ಕಲಿಯಲು ಶುರುಮಾಡಿದ್ದು ಒಂದು ಟಗರಿನ ಕಾಲಿನ ದೆಸೆಯಿಂದ. ಗೊರಸಿನ ನಡುವೆ ಕೊಳೆತು ಅದು ಕುಂಟುತ್ತಿತ್ತು. ಶನಿವಾರ ಊರಿಗೆ ಬಂದಿದ್ದ ನಾನು ಉತ್ಸಾಹದಿಂದ ಒಂದು ಕನ್ನಡ ವಿಡಿಯೋ ಹುಡುಕಿಕೊಟ್ಟೆ. ಅದರಲ್ಲಿ ಟೈ ಕಟ್ಟಿದ ಒಬ್ಬರು ಗೋಡೆಯ ಮುಂದೆ ನಿಂತು ರೋಗಾಣುಗಳ ವರ್ಗೀಕರಣದಿಂದ ಆರಂಭಿಸಿದ್ದರು. ಚಿಗವ್ವ ಎರಡು ನಿಮಿಷ ನೋಡಿ ಫೋನನ್ನು ಮಗುಚಿಟ್ಟಳು.

"ಇವ ಕುರಿ ಮುಟ್ಟಿದವ ಅಲ್ಲ ಬಿಡು."

"ಹೆಂಗ ಗೊತ್ತಾತು?"

"ಅಂಗಿ ನೋಡು."

ಮುಂದಿನ ವಾರ ನಾನು ಬರುವಷ್ಟರಲ್ಲಿ ಅವಳು ತನ್ನ ಗುರುವನ್ನು ತಾನೇ ಹುಡುಕಿಕೊಂಡಿದ್ದಳು. ಯಾವ ದೇಶದವಳೋ, ಯಾವ ಭಾಷೆಯವಳೋ, ರಟ್ಟೆ ಗಟ್ಟಿಯಾದ ಒಬ್ಬ ಹೆಂಗಸು. ಕುರಿಯನ್ನು ಕೂರಿಸಿ, ಬೆನ್ನನ್ನು ತನ್ನ ಮೊಣಕಾಲಿಗೆ ಆನಿಸಿಕೊಂಡು, ಗೊರಸಿನ ಅಂಚನ್ನು ಕತ್ತರಿಸುತ್ತಿದ್ದಳು. ಚಿಗವ್ವ ಧ್ವನಿಯನ್ನು ಪೂರ್ತಿ ಬಂದ್ ಮಾಡಿ ನೋಡುತ್ತಿದ್ದಳು. ಮಾತು ಕೇಳದೆ ಏನು ತಿಳಿಯುತ್ತದೆ ಎಂದು ನಾನು ಕೇಳಿದೆ.

"ಮಾತು ಯಾಕ ಬೇಕು? ನಾ ಕೈ ನೋಡಾಕತ್ತೀನಿ. ನೋಡಿಲ್ಲಿ, ಎಡಗೈ ಹೆಂಗ ಇಟ್ಟಾಳ. ಕುರಿ ಒದರಾಕತ್ತಿಲ್ಲ. ಅಂದ್ರ ಈಕಿಗೆ ಬರ್ತದ."

ಜ್ಞಾನ ಹೇಗೆ ಒಂದು ಸಮುದಾಯದಿಂದ ಇನ್ನೊಂದಕ್ಕೆ ದಾಟುತ್ತದೆ ಎಂಬುದರ ಬಗ್ಗೆ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಎರಡು ವರ್ಷ ಕುಳಿತು ನಾನು ಬರೆದದ್ದರಲ್ಲಿ ಎಡಗೈಯ ಪ್ರಸ್ತಾಪವೇ ಇರಲಿಲ್ಲ. ಟಗರಿನ ಕಾಲು ವಾಸಿಯಾಯಿತು.

ಅಲ್ಲಿಂದ ಫೋನು ಅವಳ ಜೊತೆ ಗುಡ್ಡಕ್ಕೆ ಹೋಗತೊಡಗಿತು. ಹಳೆಯ ಕಂಬಳಿಯ ತುಂಡಿನಲ್ಲಿ ಅದಕ್ಕೊಂದು ಚೀಲ ಹೊಲಿದು ಸೊಂಟಕ್ಕೆ ಕಟ್ಟಿಕೊಂಡಳು. ಅದರ ಪರಿಣಾಮ ಬೆಳಕಿಗೆ ಬಂದದ್ದು ಮಾನ್ವಿಯಲ್ಲಿ. ಸಂಬಂಧಿಕರ ಮದುವೆಗೆಂದು ನಾವಿಬ್ಬರೂ ಅಲ್ಲಿಗೆ ಹೋದಾಗ ಫೋನಿನ ದನಿಯೇ ಹೊರಡುತ್ತಿರಲಿಲ್ಲ. ಬಸ್ ನಿಲ್ದಾಣದ ಹತ್ತಿರದ ರಿಪೇರಿ ಅಂಗಡಿಯ ಯಜಮಾನರು, ಮನೆಯಲ್ಲಿ ದಖ್ಖನಿ ಆಡುವ ಬಿಳಿಗಡ್ಡದವರು, ಸೂಜಿಯಿಂದ ಸ್ಪೀಕರಿನ ರಂಧ್ರ ಕೆದಕಿ, ಕನ್ನಡಕ ಮೇಲೆತ್ತಿ ಚಿಗವ್ವನನ್ನು ನೋಡಿದರು.

"ಅರೆ ಅಕ್ಕಾ, ಇದು ಫೋನ್ ಅದನೋ, ಕಂಬಳಿ ಅದನೋ? ನಾ ಇಷ್ಟು ವರ್ಷದಾಗ ಫೋನಿನಾಗಿಂದ ನೀರು ತೆಗೆದೀನಿ, ಇರುವಿ ತೆಗೆದೀನಿ. ಕುರಿ ಕೂದಲ ತೆಗೆಯೋದು ಇವತ್ತೇ."

"ಅದಕ್ಕ ಥಂಡಿ ಹತ್ತಬಾರ್ದಲ್ರೀ ಭಾಯಿ" ಎಂದಳು ಚಿಗವ್ವ.

ಅವರು ನಕ್ಕು, ಚಹಾ ತರಿಸಿ, ನಾನು ನಾಲ್ಕು ತಿಂಗಳಿಂದ ಹೇಳಿಕೊಡಲು ಮರೆತಿದ್ದ ಒಂದು ಸಂಗತಿಯನ್ನು ಹೇಳಿಕೊಟ್ಟರು: ಸಿಗ್ನಲ್ ಇರುವಲ್ಲಿ ಪಾಠಗಳನ್ನು ಇಳಿಸಿಟ್ಟುಕೊಂಡರೆ ಸಿಗ್ನಲ್ ಇಲ್ಲದ ಗುಡ್ಡದಲ್ಲೂ ನೋಡಬಹುದು. ಚಿಗವ್ವ ನನ್ನ ಕಡೆ ತಿರುಗಿ ನೋಡಿದಳು.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಆ ವರ್ಷ ಪಂಚಾಯಿತಿಯ ಗೋಡೆಗೆ ಒಂದು ಪ್ರಕಟಣೆ ಅಂಟಿಸಿದರು. ಪ್ರತಿ ಊರಿಗೆ ಒಬ್ಬ ಹೆಣ್ಣುಮಗಳನ್ನು ಜಾನುವಾರು ಆರೋಗ್ಯ ಸಹಾಯಕಿಯಾಗಿ ಆರಿಸುತ್ತಾರೆ. ಅವಳು ಸಣ್ಣ ಕಾಯಿಲೆಗಳಿಗೆ ಔಷಧ ಕೊಡಬಹುದು, ಲಸಿಕೆ ಹಾಕಬಹುದು. ಫೋನಿನಲ್ಲಿ ಹನ್ನೆರಡು ಪಾಠ, ಪ್ರತಿ ಪಾಠದ ಕೊನೆಗೆ ಪರೀಕ್ಷೆ, ಆಮೇಲೆ ತಮ್ಮ ಓಣಿಯ ಕುರಿಗಳ ಸಮೀಕ್ಷೆ, ಕಡೆಗೆ ರಾಯಚೂರಿನಲ್ಲಿ ಮುಖಾಮುಖಿ ಪ್ರಶ್ನೋತ್ತರ. ನಮ್ಮೂರಿನಿಂದ ಇಬ್ಬರು ಹೆಸರು ಕೊಟ್ಟರು: ಚಿಗವ್ವ, ಮತ್ತು ಮೇಲಿನ ಓಣಿಯ ಪಿಯುಸಿ ಪಾಸಾದ ಒಬ್ಬ ಸೊಸೆ.

ಚಿಗವ್ವನಿಗೆ ಆ ಕೆಲಸ ಎಷ್ಟು ಬೇಕಾಗಿತ್ತೆಂಬುದು ಆವರೆಗೆ ನನಗೆ ತಿಳಿದಿರಲಿಲ್ಲ. ಮಳೆಗಾಲಕ್ಕೆ ಮುಂಚೆ ಕರುಳುಬೇನೆಗೆ ಲಸಿಕೆ ಹಾಕುವವರು ವರ್ಷಕ್ಕೊಮ್ಮೆ ಬರುತ್ತಿದ್ದರು. ಊರಿನ ಆ ತುದಿಯಿಂದ ಆರಂಭಿಸಿ ನಮ್ಮ ಓಣಿಗೆ ಬಂದು ಒಂದೆರಡು ಹಟ್ಟಿ ದಾಟುವಷ್ಟರಲ್ಲಿ ಲಸಿಕೆ ಮುಗಿದಿರುತ್ತಿತ್ತು. ಮೊದಲ ಮಳೆಗೆ ಎಳೆಹುಲ್ಲು ಮೇಯ್ದ ಮರಿಗಳು ಸಂಜೆ ಹೊಟ್ಟೆ ಹಿಡಿದು ಬೀಳುತ್ತಿದ್ದವು. ಆಗ ಓಣಿಯ ಜನ ಓಡಿಬರುತ್ತಿದ್ದದ್ದು ಚಿಗವ್ವನ ಬಳಿಗೆ.

"ಕುರಿ ಜಡ್ಡಾದ್ರ ಎಲ್ಲಾರೂ ನನ್ನ ಕೇಳ್ತಾರ" ಎಂದಳು. "ಸಾಹೇಬ್ರು ಬಂದಾಗ ಮಾತ್ರ ನನಗ ಕುರಿ ಹಿಡಕೊಂಡು ನಿಂದ್ರು ಅಂತಾರ. ಸಿರಿಂಜ್ ನನ್ನ ಕೈಯಾಗ ಒಮ್ಮೆರ ಬರ್ಲಿ. ಇಪ್ಪತ್ತೆರಡನೇ ಮನಿತನಕ ಮುಟ್ಟತದೋ ಇಲ್ಲೋ ನೋಡ್ತೀನಿ."

ಲಸಿಕೆಯ ಕೊರತೆ ನನಗೂ ಹಳೆಯ ವೈರಿ. ವಿದ್ಯಾರ್ಥಿಯಾಗಿದ್ದಾಗ ಅದರ ಬಗ್ಗೆ ಮೂರು ಅರ್ಜಿ ಬರೆದಿದ್ದೆ. ಮೂರರಲ್ಲೂ 'ಉತ್ತರದಾಯಿತ್ವ' ಎಂಬ ಶಬ್ದವಿತ್ತು. ಮೂರನೆಯದರಲ್ಲಿ ಏಳು ಸಲ. ನಮ್ಮ ಓಣಿಗೆ ಲಸಿಕೆ ಏಕೆ ಸಾಲುವುದಿಲ್ಲ, ಅದಕ್ಕೆ ಹೊಣೆ ಯಾರು, ಅವರ ಮೇಲೆ ಏನು ಕ್ರಮ? ಉತ್ತರ ಬಂದಿರಲಿಲ್ಲ. ಉತ್ತರ ಬಾರದಿರುವುದೇ ಅವರ ತಪ್ಪಿಗೆ ಸಾಕ್ಷಿ ಎಂದು ನಾನು ತೀರ್ಮಾನಿಸಿ, ಆ ತೀರ್ಮಾನದ ಮೇಲೆ ಒಂದು ಲೇಖನವನ್ನೂ ಬರೆದಿದ್ದೆ.

ಚಿಗವ್ವ ಪಾಠಗಳನ್ನು ಗುಡ್ಡದಲ್ಲಿ ಒಂದು ಜಾಲಿ ಗಿಡದ ನೆರಳಿನಲ್ಲಿ ಕುಳಿತು ನೋಡುತ್ತಿದ್ದಳು. ಒಂದು ಕಣ್ಣು ಹಿಂಡಿನ ಮೇಲೆ, ಒಂದು ಕಣ್ಣು ಪಾಠದ ಮೇಲೆ. ಯಾವುದಾದರೂ ಕುರಿ ಪಕ್ಕದ ತೊಗರಿ ಹೊಲಕ್ಕೆ ನುಗ್ಗಿದರೆ ಪಾಠದವರನ್ನು ಅರ್ಧ ವಾಕ್ಯದಲ್ಲಿ ನಿಲ್ಲಿಸಿ, ಓಡಿಹೋಗಿ ಬಂದು, ಮತ್ತೆ ಮಾತಾಡಲು ಅಪ್ಪಣೆ ಕೊಡುತ್ತಿದ್ದಳು. ಹಾಗೆ ನಡುವೆ ತಡೆದರೂ ಬೇಸರಿಸದ ಮೇಷ್ಟ್ರನ್ನು ಅವಳು ಜೀವನದಲ್ಲಿ ಮೊದಲ ಸಲ ಕಂಡದ್ದಂತೆ. ಒಂದು ಪಾಠವನ್ನು ಒಂಬತ್ತು ಸಲ ಕೇಳಿದ್ದುಂಟು. "ಶಾಲ್ಯಾಗ ಎರಡನೇ ಸಲ ಕೇಳಿದ್ರ ಕಿವಿ ಹಿಂಡತಿದ್ರು" ಎನ್ನುತ್ತಿದ್ದಳು. ಪರೀಕ್ಷೆಯಲ್ಲಿ ಪಾಸಾದಾಗ ಪರದೆಯ ಮೇಲೆ ಬಣ್ಣದ ಹೂಗಳು ಮೇಲಿಂದ ಉದುರುತ್ತಿದ್ದವು. ಮೊದಲ ಸಲ ಅದನ್ನು ಕಂಡು ಚಿಗವ್ವ, "ನನ್ನ ಮದುವ್ಯಾಗೂ ಇಷ್ಟು ಹೂವ ಬಿದ್ದಿರಲಿಲ್ಲ" ಎಂದಳು. ಮಾಳಿಗೆ ಮೇಲೆ ಜೋಳ ಹರವುತ್ತಿದ್ದ ಅವಳ ಗಂಡ, ನನ್ನ ಚಿಗಪ್ಪ, ಕೆಮ್ಮಿದ.

ಏಳನೆಯ ಪಾಠದ ಪರೀಕ್ಷೆಯಲ್ಲಿ ಒಂದು ಲೆಕ್ಕವಿತ್ತು. ಒಬ್ಬ ರೈತನ ಹಿಂಡಿನಲ್ಲಿ ನೂರಿಪ್ಪತ್ತು ಕುರಿಗಳಿವೆ, ಪ್ರತಿ ಕುರಿಗೆ ಇಷ್ಟು ಔಷಧ, ಒಟ್ಟು ಎಷ್ಟು ಬೇಕು? ಲೆಕ್ಕವನ್ನು ಚಿಗವ್ವ ಬಾಯಲ್ಲೇ ಮಾಡಿ ಮುಗಿಸಿದಳು. ಅವಳನ್ನು ಕಾಡಿದ್ದು ಬೇರೆ.

"ಈ ರೈತಗ ಬುದ್ಧಿ ಅದನೋ ಇಲ್ಲೋ? ನೂರಿಪ್ಪತ್ತು ಕುರಿ ಅದಾವಂತ ಊರಿಗೆಲ್ಲಾ ಯಾಕ ಹೇಳ್ಯಾನ?"

ನಮ್ಮಲ್ಲಿ ಕುರಿಯ ಲೆಕ್ಕವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಬೊಟ್ಟು ಮಾಡಿ ಎಣಿಸುವುದೂ ಇಲ್ಲ. ಎಣಿಸಿದರೆ ದೃಷ್ಟಿ ತಾಗುತ್ತದೆ, ಹೇಳಿದರೆ ಹಿಂಡು ಕರಗುತ್ತದೆ. ಬೆಳಿಗ್ಗೆ ಹಟ್ಟಿಯ ಬಾಗಿಲಲ್ಲಿ ನಿಂತು, ಹೊರಬರುವ ಕುರಿಗಳನ್ನು ಜೋಡಿಜೋಡಿಯಾಗಿ ಕಣ್ಣಲ್ಲೇ ತೂಗಿ, ಎಲ್ಲಾ ಇವೆ ಎಂದೋ ಒಂದು ಕಡಿಮೆ ಎಂದೋ ಮನಸ್ಸಿನಲ್ಲೇ ತಿಳಿದುಕೊಳ್ಳಬೇಕು. ಹೊರಗಿನವರು ಎಷ್ಟಿವೆ ಎಂದು ಕೇಳಿದರೆ ಉತ್ತರ ಯಾವಾಗಲೂ ಒಂದೇ: ಏನೋ, ನಾಕೈದು ಅದಾವ್ರೀ. ಅದನ್ನು ಯಾರೂ ಸುಳ್ಳೆಂದು ತಿಳಿಯುವುದಿಲ್ಲ. ಹೇಗಿದ್ದೀರಿ ಎಂದರೆ ಆರಾಮ ಎನ್ನುವುದಿಲ್ಲವೆ, ಹಾಗೆ.

ಹನ್ನೆರಡು ಪಾಠ ಮುಗಿದವು. ಸಮೀಕ್ಷೆಯ ವಾರ ನಾನು ಊರಿನಲ್ಲೇ ಇದ್ದೆ. ಪ್ರತಿ ಮನೆಯ ಮುಂದೆ ನಿಂತು ಫೋಟೋ ತೆಗೆಯುವುದು, ಯಜಮಾನನ ಹೆಸರು ತುಂಬುವುದು, ಕುರಿಗಳ ಸಂಖ್ಯೆ ತುಂಬುವುದು. ಚಿಗವ್ವ ಬಿಸಿಲಲ್ಲಿ ಎರಡು ದಿನ ತಿರುಗಿ ಇಪ್ಪತ್ತೆರಡು ಮನೆಯನ್ನೂ ಮುಗಿಸಿದಳು. ನಮ್ಮ ಮನೆಗೆ ಬಂದಾಗ ಅವ್ವ ಒಳಗಿದ್ದಳು. ಉತ್ತರ ಕೊಟ್ಟವಳು ನಾನು. ಎಷ್ಟು ಎಂದು ಚಿಗವ್ವ ಕೇಳಿದಳು. ಐದು ಎಂದೆ. ಐದು ಎಂದು ಬರೆದುಕೊಂಡಳು. ನಮ್ಮ ಹಟ್ಟಿ ನಮ್ಮಿಬ್ಬರ ಕಣ್ಣೆದುರಿಗೇ ಇತ್ತು, ತುಂಬಿತ್ತು, ಒದರುತ್ತಿತ್ತು. ಸ್ನಾತಕೋತ್ತರ ಪದವಿ ಪಡೆದ, ಮಾಹಿತಿಯ ಪಾರದರ್ಶಕತೆಗಾಗಿ ಲೇಖನಿ ಹಿಡಿದ ನನಗೆ ಏನೂ ವಿಚಿತ್ರವೆನಿಸಲಿಲ್ಲ.

ಹತ್ತು ದಿನಕ್ಕೆ ಸಂದೇಶ ಬಂತು. ಚಿಗವ್ವನ ಹೆಸರನ್ನು ಪಟ್ಟಿಯಿಂದ ಕೈಬಿಡಲಾಗಿದೆ, ಸಮೀಕ್ಷೆ ನಂಬಲರ್ಹವಲ್ಲ.

ಅದನ್ನು ಅವಳು ನನಗೆ ಫೋನಿನಲ್ಲಿ ಓದಿ ಹೇಳಿದಳು, ಅಕ್ಷರ ಬಿಡಿಸಿ ಬಿಡಿಸಿ. 'ನಂಬಲರ್ಹ' ಎಂದರೇನು ಎಂದು ಕೇಳಿದಳು. ಹೇಳಿದೆ. ಆಚೆ ಕಡೆಯಿಂದ ಕುರಿಗಳ ಸದ್ದು ಕೇಳಿಸುತ್ತಿತ್ತು.

ನನ್ನ ರಕ್ತ ಕುದಿಯಿತು. ಇಪ್ಪತ್ತೆರಡು ಮನೆ ಕಾಲ್ನಡಿಗೆಯಲ್ಲಿ ತಿರುಗಿದ ಹೆಂಗಸನ್ನು ನಂಬಲರ್ಹಳಲ್ಲ ಎನ್ನುವವರು ಯಾರು? ಏಳನೇ ತರಗತಿ ಎಂದಲ್ಲವೆ? ಕುರಿಯವಳು ಎಂದಲ್ಲವೆ? ನಾಲ್ಕು ಪುಟದ ಅರ್ಜಿ ಸಿದ್ಧವಾಯಿತು. ಮರುದಿನ ಬೆಳಿಗ್ಗೆ ಚಿಗವ್ವನನ್ನು ರಾಯಚೂರಿಗೆ ಕರೆಸಿಕೊಂಡು, ಇಬ್ಬರೂ ತರಬೇತಿ ನಡೆಸುವವರ ಕಚೇರಿಗೆ ಹೋದೆವು. ಮೇಜಿನ ಹಿಂದೆ ನಡುವಯಸ್ಸಿನ ಒಬ್ಬ ಅಧಿಕಾರಿಣಿ, ಪಕ್ಕದಲ್ಲಿ ಗುಮಾಸ್ತ. ನಾನು ನಿಂತುಕೊಂಡೇ ಅರ್ಜಿಯನ್ನು ಓದಲು ತೊಡಗಿದೆ. ಎರಡನೆಯ ಪುಟದ ನಡುವೆ ಮೇಡಂ ಕೈ ಎತ್ತಿದರು.

"ಕುಂಡ್ರಮ್ಮ. ಮೊದಲು ಇದನ್ನ ನೋಡು" ಎಂದು ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆ ತಿರುಗಿಸಿದರು.

ಇಪ್ಪತ್ತೆರಡು ಮನೆಗಳು ಒಂದರ ಕೆಳಗೊಂದು. ಐದು, ನಾಲ್ಕು, ಐದು, ಐದು, ನಾಲ್ಕು, ಐದು. ಹಾಗೇ ಕೊನೆಯ ಸಾಲಿನವರೆಗೆ. ಪ್ರತಿ ಸಾಲಿನ ಪಕ್ಕದಲ್ಲಿ ಚಿಗವ್ವ ತೆಗೆದ ಫೋಟೋ. ಪ್ರತಿ ಫೋಟೋದ ಹಿನ್ನೆಲೆಯಲ್ಲಿ ಕುರಿ ಕಿಕ್ಕಿರಿದ ಹಟ್ಟಿ.

"ನಿಮ್ಮ ಓಣ್ಯಾಗ ಎಲ್ಲಾರ ಮನಿಯೊಳಗೂ ಐದೈದೇ ಕುರಿ ಏನ್ರೀ?" ಎಂದರು ಮೇಡಂ.

ನಾನು ಚಿಗವ್ವನನ್ನು ನೋಡಿದೆ. ಚಿಗವ್ವ ನನ್ನನ್ನು ನೋಡಿದಳು. ಹೊಳೆದದ್ದು ಇಬ್ಬರಿಗೂ ಒಮ್ಮೆಲೇ.

"ಸುಳ್ಳಲ್ರೀ ಮೇಡಂ" ಎಂದಳು ಚಿಗವ್ವ ಮೆಲ್ಲಗೆ. "ಲೆಕ್ಕ ಹೇಳಂಗಿಲ್ಲ ನಮ್ಮಾಗ. ಅವರು ಐದು ಅಂದ್ರು, ನಾ ಬರದೆ. ನಾ ಅವರ ಜಾಗಾದಾಗ ಇದ್ರೂ ಐದೇ ಅಂತಿದ್ದೆ. ಅಂದೀನಿ ಸೈತ. ಕಡೀ ಸಾಲು ನೋಡ್ರಿ, ಅದು ನಮ್ಮನೀದು."

ಮೇಡಂ ಗುಮಾಸ್ತನಿಗೆ ಹಿಂದಿನ ವರ್ಷಗಳ ದಾಖಲೆ ತೆಗೆಯಲು ಹೇಳಿದರು. ಅವುಗಳಲ್ಲೂ ನಮ್ಮ ಓಣಿಯ ಮುಂದೆ ಅದೇ ಐದು, ಅದೇ ನಾಲ್ಕು. ಹಿಂದೆ ಲೆಕ್ಕ ಬರೆದವರು ಮನೆಯಲ್ಲಿ ಕೂತು ಬರೆದರೂ ಅದೇ ಉತ್ತರ, ಚಿಗವ್ವ ಬಿಸಿಲಲ್ಲಿ ತಿರುಗಿ ಬರೆದರೂ ಅದೇ ಉತ್ತರ. ಅಷ್ಟರಲ್ಲಿ ಗುಮಾಸ್ತ, ಯಾವ ದುರುದ್ದೇಶವೂ ಇಲ್ಲದೆ, ಒಂದು ಮಾತು ಹೇಳಿದ: "ಇದರ ಲೆಕ್ಕದ ಮ್ಯಾಲೇ ಮೇಡಂ ಲಸಿಕಿ ಕಳಸೋದು."

ನನ್ನ ಕೈಯಲ್ಲಿದ್ದ ನಾಲ್ಕು ಪುಟಗಳು ಇದ್ದಕ್ಕಿದ್ದಂತೆ ಭಾರವಾದವು. ಲಸಿಕೆ ಏಕೆ ಸಾಲುವುದಿಲ್ಲ, ಹೊಣೆ ಯಾರು ಎಂದು ವರ್ಷಗಟ್ಟಲೆ ನಾನು ಕೇಳಿದ್ದ ಪ್ರಶ್ನೆಗೆ ಉತ್ತರ ಆ ಪರದೆಯ ಮೇಲೆ ಇಪ್ಪತ್ತೆರಡು ಸಾಲಿನಲ್ಲಿ ಕುಳಿತಿತ್ತು. ಅದರಲ್ಲಿ ಒಂದು ಸಾಲು ನನ್ನದೇ. ಹಾಗೆಂದು ನಾನು ಪೂರ್ತಿ ಶರಣಾಗಲಿಲ್ಲ. ಅದು ನನ್ನ ಜಾಯಮಾನವಲ್ಲ.

"ನಾವು ಐದು ಅಂದದ್ದು ನಮ್ಮ ತಪ್ಪು. ಹಟ್ಟಿ ತುಂಬ ಕುರಿ ಇರೋ ಓಣ್ಯಾಗ ಪ್ರತಿ ವರ್ಷ ಐದೈದೇ ಬಂದ್ರೂ ಯಾರೂ ಬಂದು ನೋಡಲಿಲ್ಲವಲ್ಲ, ಅದು ಯಾರ ತಪ್ಪು?" ಎಂದು ಕೇಳಿದೆ.

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. "ಅದೂ ಖರೇ ಅದ" ಎಂದರು. ಕಚೇರಿಯೊಂದರಲ್ಲಿ ಅಂಥ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ನಾನು ಅರ್ಜಿಯನ್ನು ಮಡಿಸಿದೆ. ಅವರು ಚಿಗವ್ವನ ಕಡೆ ತಿರುಗಿ, "ಎಂಟು ದಿನ ಕೊಡ್ತೀನ್ರಿ. ಖರೇ ಲೆಕ್ಕ ತರ್ರಿ. ತಂದ್ರ ಪ್ರಶ್ನೆಗೆ ಕುಂಡ್ರಸ್ತೀನಿ. ಇಲ್ಲಂದ್ರ ಮೇಲಿನ ಓಣಿ ಹುಡುಗಿಗೆ ಕೊಡಬೇಕಾಗ್ತದ" ಎಂದರು.

ಊರಿಗೆ ಮರಳುವ ಬಸ್ಸಿನಲ್ಲಿ ಚಿಗವ್ವ ಕಿಟಕಿಯ ಆಚೆ ನೋಡುತ್ತ ಕುಳಿತಿದ್ದಳು. ಎರಡೂ ಬದಿಗೆ ಭತ್ತದ ಗದ್ದೆ, ಕೊಕ್ಕರೆ. ಕೇಳಿದರೆ ಯಾರೂ ಹೇಳುವುದಿಲ್ಲ. ಕೇಳದಿದ್ದರೆ ಕೆಲಸ ಹೋಗುತ್ತದೆ. ನನಗೆ ತಕ್ಷಣ ಒಂದು ಉಪಾಯ ಹೊಳೆಯಿತು. ಬೆಳಿಗ್ಗೆ ಹಟ್ಟಿಯಿಂದ ಕುರಿ ಹೊರಡುವಾಗ ಯಾರಿಗೂ ಹೇಳದೆ ವಿಡಿಯೋ ತೆಗೆದುಕೊಳ್ಳೋಣ, ಮನೆಯಲ್ಲಿ ಕೂತು ನಿಧಾನ ಮಾಡಿ ಎಣಿಸೋಣ ಎಂದೆ.

"ಕೇಳದಂಗ ಎಣಿಸೋರು ಕಳ್ಳರು" ಎಂದಳು ಚಿಗವ್ವ ಕಿಟಕಿಯಿಂದ ಮುಖ ತಿರುಗಿಸದೆ. "ಆಫೀಸಿನವರಿಗೆ ಕೇಳ್ತಿ, ಯಾರ್ನ ಕೇಳಿ ಮಾಡಿದ್ರಿ ಅಂತ. ನಿನಗ ಯಾರು ಕೇಳಬೇಕು ಬೇ?"

ಸಿರವಾರದವರೆಗೆ ನಾನು ಗದ್ದೆಯ ಕೊಕ್ಕರೆಗಳನ್ನು ಎಣಿಸುತ್ತ ಕುಳಿತೆ.

ಮರುದಿನ ಬೆಳಿಗ್ಗೆ ಅವಳು ಓಣಿಯ ಎಲ್ಲರನ್ನೂ ಬೇವಿನ ಕಟ್ಟೆಗೆ ಕರೆದಳು. ನಡೆದದ್ದನ್ನು ಇದ್ದ ಹಾಗೆ ಹೇಳಿದಳು: ನಾವು ಐದು ಅನ್ನುತ್ತೇವೆ, ಅವರು ಐದಕ್ಕೆ ಕಳಿಸುತ್ತಾರೆ, ಮರಿ ಸಾಯುತ್ತವೆ. ಕಟ್ಟೆಯ ಮೇಲೆ ಒಂದೊಂದಾಗಿ ಬೀಡಿಗಳು ಹೊತ್ತಿಕೊಂಡವು. ಒಬ್ಬ, ದೃಷ್ಟಿ ತಾಗಿದರೆ ಲಸಿಕೆ ಉಳಿಸುತ್ತದೇನು ಎಂದ. ಇನ್ನೊಬ್ಬ, ಇವಳು ನೌಕರಿಯ ಆಸೆಗೆ ನಮ್ಮ ಹಿಂಡು ಮಾರುತ್ತಿದ್ದಾಳೆ ಎಂದ.

"ಹೌದು, ನೌಕರಿ ಬೇಕು ನನಗ" ಎಂದಳು ಚಿಗವ್ವ. "ಬ್ಯಾಡ ಅಂತ ಯಾವಾಗ ಅಂದೆ? ಆದ್ರ ಬಾಯಿಲೆ ಹೇಳ್ರಿ ಅಂತ ನಾ ಕೇಳಾಕತ್ತಿಲ್ಲ. ಇದನ್ನ ನೋಡ್ರಿ."

ಫೋನು ಹೊರತೆಗೆದಳು. ಹಿಂದಿನ ರಾತ್ರಿ ನಾನು ಮಲಗಿದ್ದಾಗ ಅವಳು ಎಲ್ಲೋ ಹುಡುಕಿ ಇಳಿಸಿಕೊಂಡಿದ್ದ ಒಂದು ಸಣ್ಣ ಎಣಿಕೆಯ ಆಪ್ ಅದು. ಪರದೆಯ ಮೇಲೆ ಒಂದೇ ಒಂದು ದೊಡ್ಡ ಗುಂಡಿ. ಒಮ್ಮೆ ಒತ್ತಿದರೆ ಒಂದು ಹೆಚ್ಚುತ್ತದೆ. ಯಜಮಾನರು ಬೆಳಿಗ್ಗೆ ತಮ್ಮ ಹಟ್ಟಿಯ ಬಾಗಿಲಲ್ಲಿ ನಿಂತು, ಪ್ರತಿ ಕುರಿ ದಾಟುವಾಗ ತಾವೇ ಒಮ್ಮೆ ಒತ್ತಬೇಕು. ಹೇಳುವುದು ಬೇಡ, ಬೊಟ್ಟು ಮಾಡುವುದು ಬೇಡ. ಬಂದ ಅಂಕಿಯನ್ನು ಅವಳು ಫಾರಮ್ಮಿಗೆ ಇಳಿಸುತ್ತಾಳೆ, ಬಾಯಿ ಬಿಡುವುದಿಲ್ಲ.

ಎಲ್ಲರೂ ಓಣಿಯ ಹಿರಿಯಜ್ಜನ ಮುಖ ನೋಡಿದರು. ಕುರಿಯ ವಿಷಯದಲ್ಲಿ ಅವನದೇ ಕೊನೆಯ ಮಾತು. ಅಜ್ಜ ಫೋನನ್ನು ಕೈಗೆ ತೆಗೆದುಕೊಂಡು, ಮುಂದೆ ಹಿಂದೆ ತಿರುಗಿಸಿ, ಟಗರಿನ ಹಲ್ಲು ನೋಡುವಂತೆ ನೋಡಿದ.

"ಬಾಯಿಲೆ ಹೇಳಬಾರ್ದು. ತೋರಬಟ್ಟು ಮಾಡಬಾರ್ದು" ಎಂದ. ತನ್ನ ಬಲಗೈಯನ್ನು ಮುಖದ ಮುಂದೆ ಹಿಡಿದು ಒಂದೊಂದೇ ಬೆರಳನ್ನು ಪರೀಕ್ಷಿಸಿದ. "ಹೆಬ್ಬಟ್ಟಿಂದು ನಮ್ಮ ಹಿರೇರು ಯಾರೂ ಏನೂ ಹೇಳಿಲ್ಲ. ಇಷ್ಟು ದಿನ ಮಂದಿ ಕಾಗದಕ್ಕ ಹೆಬ್ಬಟ್ಟು ಒತ್ತೀನಿ. ಒಮ್ಮೆ ನನ್ನ ಕುರಿಗೂ ಒತ್ತತೀನಿ ತಗೋ."

ಹೀಗೆ ಸಂವಿಧಾನಕ್ಕೆ ತಿದ್ದುಪಡಿಯಾಯಿತು. ನಾನು ನೋಡಿದ ಯಾವ ವಿಚಾರಸಂಕಿರಣದಲ್ಲೂ ಅಷ್ಟು ಬೇಗ ಒಮ್ಮತ ಮೂಡಿರಲಿಲ್ಲ.

ಏಳು ಬೆಳಗು ಚಿಗವ್ವ ಒಂದೊಂದಾಗಿ ಹಟ್ಟಿಗಳ ಮುಂದೆ ನಿಂತಳು. ಯಜಮಾನನ ಕೈಗೆ ಫೋನು ಕೊಟ್ಟು, ತಾನು ಬೆನ್ನು ತಿರುಗಿಸಿ, ಸೆರಗಿನಿಂದ ಮುಖದ ಬೆವರು ಒರೆಸಿಕೊಳ್ಳುತ್ತಿದ್ದಳು. ಫೋನನ್ನು ಎಂದೂ ಮುಟ್ಟದ ಮುದುಕಿಯರು ಮೊದಲ ದಿನ ಹೆದರಿ ಒತ್ತಿದರು. ಎರಡನೆಯ ದಿನ ತಪ್ಪು ಒತ್ತಿದ್ದನ್ನು ಅಳಿಸುವುದು ಹೇಗೆಂದು ಕೇಳಿದರು. ಮೂರನೆಯ ದಿನ ತಮ್ಮ ಮೇಕೆಗಳಿಗೆ ಬೇರೆ ಗುಂಡಿ ಇಲ್ಲವೇ ಎಂದು ತಕರಾರು ತೆಗೆದರು. ಕೊನೆಗೆ ಉಳಿದದ್ದು ಚಿಗವ್ವನ ಸ್ವಂತ ಹಟ್ಟಿ. ಚಿಗಪ್ಪ ಫೋನು ಮುಟ್ಟಲು ಒಪ್ಪಲಿಲ್ಲ. ಐದು ಅಂತ ಬರೆದಿದ್ದಿ, ಅಷ್ಟೇ ಇರಲಿ ಎಂದ.

"ಐದು ನಮ್ಮವಾದ್ರ ಉಳಿದವು ಯಾರವು?" ಎಂದಳು ಚಿಗವ್ವ. "ನಾಳೆ ಯಾರರ ಹೊಡಕೊಂಡು ಹೋದ್ರ ಠಾಣ್ಯಾಗ ಏನಂತ ದೂರು ಕೊಡ್ತಿ? ಐದರಾಗ ಅರವತ್—"

ಅಲ್ಲಿಗೆ ಅವಳು ಬಾಯಿ ಮುಚ್ಚಿಕೊಂಡಳು. ಚಿಗಪ್ಪ ಒಳಗಿನಿಂದ ಒಂದು ಹಿಡಿ ಉಪ್ಪು ತಂದು ಹಿಂಡಿಗೆ ದೃಷ್ಟಿ ತೆಗೆದು, ಆಮೇಲೆ ಕೈ ಒರೆಸಿಕೊಂಡು, "ತಾ ಇಲ್ಲಿ, ಒತ್ತತೀನಿ. ನಿನ್ನ ಬಾಯಿಗಿಂತ ಅದೇ ಚೊಲೊ" ಎಂದ.

ಒಂಬತ್ತನೆಯ ದಿನ ರಾಯಚೂರಿನಲ್ಲಿ ಪ್ರಶ್ನೋತ್ತರ ನಡೆಯಿತು. ನನ್ನನ್ನು ಬಾಗಿಲ ಬಳಿ ಕೂರಲು ಬಿಟ್ಟಿದ್ದರು, ಮಾತಾಡಬಾರದೆಂಬ ಷರತ್ತಿನ ಮೇಲೆ. ಆ ಷರತ್ತು ಹಾಕಿದವಳು ಚಿಗವ್ವ. ಕರುಳುಬೇನೆಯ ಲಕ್ಷಣ, ಲಸಿಕೆಯನ್ನು ತಂಪಾಗಿಡುವ ಬಗೆ, ಗಬ್ಬದ ಕುರಿಗೆ ಯಾವುದನ್ನು ಕೊಡಬಾರದು, ಎಲ್ಲವನ್ನೂ ಕೇಳಿದರು. ಒಂದು ಪ್ರಶ್ನೆಗೆ ಅವಳಿಗೆ ಪುಸ್ತಕದ ಶಬ್ದ ನೆನಪಾಗಲಿಲ್ಲ. ಎದ್ದು ನಿಂತು, ಇಲ್ಲದ ಕುರಿಯೊಂದನ್ನು ಮೊಣಕಾಲಿಗೆ ಆನಿಸಿಕೊಂಡು, ಎಡಗೈಯಲ್ಲಿ ಅದರ ಚರ್ಮ ಎತ್ತಿ ಹಿಡಿದು, ಬಲಗೈಯಲ್ಲಿ ಚುಚ್ಚಿ ತೋರಿಸಿದಳು. ಗುಮಾಸ್ತ ತನಗೇ ಚುಚ್ಚಿದಂತೆ ಹಿಂದೆ ಸರಿದ. ಕೊನೆಗೆ ಮೇಡಂ, ಸಮೀಕ್ಷೆ ಸರಿಯಾಗಿದೆಯೆಂದು ತಾಳೆ ನೋಡಲು, ನಿಮ್ಮ ಮನೆಯ ಕುರಿ ಎಷ್ಟು ಎಂದು ಕೇಳಿದರು.

ಚಿಗವ್ವ ಅಂಕಿಯನ್ನು ಒತ್ತಿ, ಫೋನನ್ನು ಅವರ ಮುಂದೆ ಇಟ್ಟಳು. ಮೇಡಂ ನೋಡಿ, ದಾಖಲೆಯನ್ನು ನೋಡಿ, ತಲೆಯಾಡಿಸಿದರು.

"ಎಷ್ಟ್ರೀ ಮೇಡಂ?" ಎಂದ ಗುಮಾಸ್ತ, ಪೆನ್ನು ಹಿಡಿದು.

"ಬಂದು ನೋಡಿ ಬರಕೋ" ಎಂದರು ಅವರು.

ಕೆಲಸ ಚಿಗವ್ವನಿಗೆ ಸಿಕ್ಕಿತು. ಮೇಲಿನ ಓಣಿಯ ಸೊಸೆ ಒಂದು ವಾರ ಮುಖ ತಿರುಗಿಸಿಕೊಂಡಿದ್ದು, ಆಮೇಲೆ ತನ್ನ ಎಮ್ಮೆಗೆ 'ಹೊಟ್ಟೆ ಉಬ್ಬರ' ಆದಾಗ ಬಂದಳು.

ಆ ಸಲದ ಮಳೆಗಾಲಕ್ಕೆ ಮುಂಚೆ ಲಸಿಕೆಯ ಪೆಟ್ಟಿಗೆ ನೇರವಾಗಿ ನಮ್ಮ ಓಣಿಗೇ ಬಂತು. ಚಿಗವ್ವ ಬೆಳಿಗ್ಗೆಯಿಂದ ಒಂದೊಂದು ಹಟ್ಟಿಗೂ ಹೋಗಿ ಚುಚ್ಚುತ್ತಾ ಬಂದಳು. ಕುರಿ ಹಿಡಿದುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಇಪ್ಪತ್ತೊಂದು ಮನೆ ನಿರಾಳವಾಗಿ ಮುಗಿದವು. ಇಪ್ಪತ್ತೆರಡನೆಯದು ಹಿರಿಯಜ್ಜನ ಹಟ್ಟಿ. ಅಲ್ಲಿ ಅರ್ಧ ಹಿಂಡಿಗೇ ಲಸಿಕೆ ಮುಗಿದುಹೋಯಿತು. ಓಣಿಯ ಜನ ಸುತ್ತ ನೆರೆದರು. ಇಷ್ಟು ವರ್ಷ ಸಾಹೇಬರ ಮುಂದೆ ನಿಲ್ಲುತ್ತಿದ್ದ ಪ್ರಶ್ನೆ ಈಗ ಚಿಗವ್ವನ ಮುಂದೆ ನಿಂತಿತು: ಯಾಕೆ ಸಾಲಲಿಲ್ಲ?

ಚಿಗವ್ವ ಖಾಲಿ ಸೀಸೆಯನ್ನು ನೋಡಿದಳು, ಹಿಂಡನ್ನು ನೋಡಿದಳು, ಅಜ್ಜನನ್ನು ನೋಡಿದಳು. ಅಜ್ಜ ಆಕಾಶದ ಮೋಡ ನೋಡುತ್ತಿದ್ದ.

"ಯಪ್ಪಾ, ಪೂರಾ ಒತ್ತಿದ್ದೇನು?"

"ಒತ್ತಿದ್ದೆ" ಎಂದ ಅಜ್ಜ. ಇನ್ನೂ ಮೋಡವನ್ನೇ ನೋಡುತ್ತಾ, "ಒಂದು ಬಿಟ್ಟು ಒಂದಕ್ಕ" ಎಂದ.

ನಗು ಓಣಿಯ ಆ ತುದಿಯವರೆಗೆ ಹೋಗಿ ಬಂತು. ಚಿಗವ್ವ ನಗಲಿಲ್ಲ. ಉಳಿದ ಕುರಿಗಳಿಗೆ ಲಸಿಕೆ ಬರುವವರೆಗೆ ಎಳೆಹುಲ್ಲಿಗೆ ಬಿಡಬೇಡ ಎಂದಳು, ವಾರದೊಳಗೆ ತಾನೇ ಹೋಗಿ ತರುತ್ತೇನೆ ಎಂದಳು, ತರದಿದ್ದರೆ ತನ್ನನ್ನು ಕೇಳಬೇಕು ಎಂದಳು. ಆಮೇಲೆ ಫೋನನ್ನು ಅವನ ಕೈಗೆ ಕೊಟ್ಟು ಬೆನ್ನು ತಿರುಗಿಸಿದಳು.

ಅಜ್ಜ ಹೆಗಲ ಮೇಲಿನ ಟವೆಲ್ಲನ್ನು ತಲೆಯ ಮೇಲಿಂದ ಫೋನಿನವರೆಗೆ ಮುಸುಕಿನಂತೆ ಎಳೆದುಕೊಂಡು, ಹಟ್ಟಿಯ ಕಡೆ ಮುಖ ಮಾಡಿ ಒತ್ತತೊಡಗಿದ. ಪ್ರತಿ ಒತ್ತಿಗೂ ಫೋನಿನಿಂದ ಟಕ್ ಎಂದು ಸದ್ದು ಬರುತ್ತಿತ್ತು. ಟಕ್. ಟಕ್. ಟಕ್. ನೆರೆದವರೆಲ್ಲ ಕಿವಿಗೊಟ್ಟರು. ಒಬ್ಬೊಬ್ಬರ ತುಟಿಯೂ ಸದ್ದಿನ ಲೆಕ್ಕ ಹಿಡಿದು ತಾನಾಗಿ ಅಲುಗಾಡಲು ಆರಂಭಿಸಿದ್ದನ್ನು ನಾನು ಕಂಡೆ. ನನ್ನ ತುಟಿಯೂ ಅಲುಗುತ್ತಿತ್ತು. ಅದು ಚಿಗವ್ವನ ಕಣ್ಣಿಗೂ ಬಿತ್ತು. ಅವಳು ಒಂದು ಹೆಜ್ಜೆ ಮುಂದೆ ಬಂದು, ಸೊಂಟದ ಮೇಲೆ ಕೈಯಿಟ್ಟು, ಓಣಿಯ ಕೊನೆಯ ಮನೆಗೂ ಕೇಳುವಂಥ ದನಿಯಲ್ಲಿ ಮಾತಾಡತೊಡಗಿದಳು.

"ಕೇಳ್ರಿ ಎಲ್ಲಾರೂ. ಕರುಳುಬ್ಯಾನಿ ಹೆಂಗ ಬರ್ತದ, ಹೇಳ್ತೀನಿ. ಮೊದಲ ಮಳಿ ಆದ ಮ್ಯಾಲ ಎಳಿಹುಲ್ಲು ಹುಟ್ಟತದ. ಮರಿ ಹೊಟ್ಟಿ ತುಂಬ ಮೇಯತಾವ…"

ಟವೆಲ್ಲಿನ ಕೆಳಗೆ ಟಕ್ ಟಕ್ ನಡೆದೇ ಇತ್ತು. ಅವಳು ಲಕ್ಷಣ ಹೇಳಿದಳು, ಕಾರಣ ಹೇಳಿದಳು, ಮೊದಲ ಚಿಕಿತ್ಸೆ ಹೇಳಿದಳು. ಪಾಠ ಮುಗಿದರೂ ಅಜ್ಜನದು ಮುಗಿಯಲಿಲ್ಲ. ಚಿಗವ್ವ ಒಮ್ಮೆ ಉಸಿರು ಎಳೆದುಕೊಂಡು ಗೊರಸಿನ ಪಾಠಕ್ಕೆ ಹೋದಳು.